ಒಳ್ಳೆಯ ಸೈಕಲ್ ಯಾರಿಗೆ?

ಸ್ಯಾನ್‌ಫ್ರಾನ್ಸಿಸ್ಕೊ ಎಂಬ ಹೆಸರು ಕೇಳಿದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವುದು ಆ ಕೆಂಪು ಬಣ್ಣದ ಗೋಲ್ಡನ್ ಗೇಟ್ ಸೇತುವೆ, ಅಲ್ಲವೇ? ಕ್ಯಾಲೆಂಡರಿನಲ್ಲಿ, ಮಕ್ಕಳ ನೋಟ್ ಪುಸ್ತಕದ ರಟ್ಟಿನ ಮೇಲೆ ನಾವೆಲ್ಲ ಅದನ್ನು ನೋಡಿದವರೇ. 1937ರಲ್ಲಿ ಸಂಚಾರಕ್ಕೆ ತೆರೆದ ಈ ಸೇತುವೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೆಚ್ಚಿನ ಪ್ರವಾಸಿಗರು ಅಲ್ಲಿಂದಲೇ ಹಿಂದಿರುಗುತ್ತಾರೆ. ಸೇತುವೆಯ ಆಚೆ ಏನಿದೆ ಎಂದು ಕೇಳುವವರು ಕಡಿಮೆ. ಆಚೆ ಇರುವುದು ಮರಿನ್ ಎಂಬ ಜಿಲ್ಲೆ. ಅಲ್ಲಿ ಟ್ಯಾಮಲ್‌ಪಾಯಸ್ ಎಂಬ ಬೆಟ್ಟ. ಅಷ್ಟುದ್ದದ ಹೆಸರು ಅಲ್ಲಿಯವರಿಗೂ ನಾಲಗೆಗೆ ಹೊರೆಯೇ. ‘ಮೌಂಟ್ ಟ್ಯಾಮ್’ ಎಂದು ಕರೆದು ಮುಗಿಸುತ್ತಾರೆ.

ಎತ್ತರ 2,571 ಅಡಿ, ಅಂದರೆ 784 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಅರ್ಧದಷ್ಟೂ ಇಲ್ಲ. ಆದರೆ ಸಮುದ್ರದ ಪಕ್ಕದಿಂದಲೇ ಎದ್ದು ನಿಂತಿರುವುದರಿಂದ ನೋಡಲು ದೊಡ್ಡದಾಗಿ ಕಾಣುತ್ತದೆ. ಬೇಸಿಗೆಯಲ್ಲಿ ಅಲ್ಲಿ ಮಳೆಯಿಲ್ಲ. ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ. ಶಾಂತ ಸಾಗರದಿಂದ ಮಂಜು ಎದ್ದು ಬಂದು ಕಣಿವೆಯನ್ನೆಲ್ಲ ತುಂಬಿಬಿಟ್ಟರೆ ಮೇಲೆ ನಿಂತವರಿಗೆ ಕೆಳಗೆ ಹತ್ತಿ ಹಾಸಿದ ಹಾಗೆ ಕಾಣುವುದು. ಹಳ್ಳಗಳ ಬದಿಯಲ್ಲಿ ಆಕಾಶ ಮುಟ್ಟುವ ರೆಡ್‌ವುಡ್ ಮರಗಳು, ಮೇಲಕ್ಕೆ ಹೋದಂತೆ ಓಕ್ ಮರಗಳು ಮತ್ತು ಕುರುಚಲು ಪೊದೆಗಳು. ಅಲ್ಲಿ ಬೇ ಎಂಬ ಒಂದು ಮರವಿದೆ. ಅದರ ಎಲೆಯನ್ನು ಕೈಯಲ್ಲಿ ತಿಕ್ಕಿದರೆ ನಮ್ಮ ಘೀ ರೈಸ್ ಪಾತ್ರೆಯ ಮುಚ್ಚಳ ತೆರೆದ ಹಾಗೆ ಪರಿಮಳ! ಕಾಡಿನ ನಡುವೆ ಇದ್ದಕ್ಕಿದ್ದಂತೆ ಅಡುಗೆ ಮನೆಯ ನೆನಪಾಗುತ್ತದೆ.

ಈ ಬೆಟ್ಟವನ್ನು ನಿಮಗೆ ಪರಿಚಯಿಸಲು ಬೇರೊಂದು ಕಾರಣವಿದೆ. ಗುಡ್ಡ, ಕಲ್ಲು, ಕಾಡುದಾರಿಗಳಲ್ಲಿ ಓಡುವ ಮೌಂಟೇನ್ ಬೈಕ್ ಎಂಬ ದಪ್ಪ ಟಯರಿನ ಸೈಕಲ್ ಬೆಳೆದು ರೂಪುಗೊಂಡದ್ದು ಮುಖ್ಯವಾಗಿ ಇಲ್ಲಿಯೇ. ಇಂದಿಗೂ ಭಾನುವಾರ ಬೆಳಿಗ್ಗೆ ಇಲ್ಲಿಗೆ ಬಂದು ನಿಂತರೆ ಗಂಡ-ಹೆಂಡತಿ ಜೊತೆಯಾಗಿ ಸೈಕಲ್ ಹತ್ತಿಸುತ್ತಾ ಹೋಗುವುದನ್ನು ನೋಡಬಹುದು. ನೋಡಲು ಎಷ್ಟು ಚೆಂದ! ಆದರೆ ಸ್ವಲ್ಪ ಗಮನವಿಟ್ಟು ನೋಡಿ. ಗಂಡನ ಸೈಕಲ್ ಯಾವುದು? ಹೆಂಡತಿಯ ಸೈಕಲ್ ಯಾವುದು? ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಶಾಕ್ ಇರುವ ಹೊಸ ಸೈಕಲಿನಲ್ಲಿ ಆತ, ಅವನು ನಾಲ್ಕು ವರ್ಷ ಓಡಿಸಿ ಬಿಟ್ಟ ಹಳೆಯ ಸೈಕಲಿನಲ್ಲಿ ಈಕೆ. ಎಲ್ಲರೂ ಹಾಗೆ ಎಂದು ನಾನು ಹೇಳುವುದಿಲ್ಲ. ಆದರೆ ಈ ದೃಶ್ಯ ನಮಗೆ ಅಪರಿಚಿತವೂ ಅಲ್ಲ. ಮನೆಗೆ ಹೊಸ ಮೊಬೈಲ್ ಬಂದಾಗ ಹಳೆಯದು ಯಾರ ಕೈಗೆ ಹೋಗುತ್ತದೆ ಎಂಬುದು ನಿಮಗೇ ಗೊತ್ತು.

ಮೊದಲು ದಾರಿಯ ಬಗ್ಗೆ ಹೇಳಿಬಿಡುತ್ತೇನೆ. ಬೆಟ್ಟದ ಬುಡದ ಮಿಲ್ ವ್ಯಾಲಿ ಎಂಬ ಊರಿನಿಂದ 1896ರಲ್ಲಿ ಒಂದು ಪುಟ್ಟ ರೈಲು ಆರಂಭವಾಯಿತು. ಎಂಟು ಮೈಲಿಯಷ್ಟು ದೂರಕ್ಕೆ 281 ತಿರುವುಗಳು! ಜಗತ್ತಿನ ಅತ್ಯಂತ ಅಂಕುಡೊಂಕಿನ ರೈಲು ಎಂದೇ ಅದಕ್ಕೆ ಹೆಸರು. ಮೇಲಿನಿಂದ ಕೆಳಗೆ ಬರುವಾಗ ಎಂಜಿನ್ ಇಲ್ಲದ ಗಾಡಿಗಳಲ್ಲಿ ಪ್ರಯಾಣಿಕರನ್ನು ಕೂರಿಸಿ, ಬ್ರೇಕ್ ಹಿಡಿಯುವ ಒಬ್ಬನನ್ನು ಮುಂದೆ ಕೂರಿಸಿ, ಇಳಿಜಾರಿನಲ್ಲಿ ಬಿಟ್ಟುಬಿಡುತ್ತಿದ್ದರಂತೆ. ಕಾರುಗಳು ಬಂದವು, 1929ರಲ್ಲಿ ದೊಡ್ಡ ಕಾಡ್ಗಿಚ್ಚು ಬಿತ್ತು, 1930ರಲ್ಲಿ ರೈಲು ನಿಂತೇಹೋಯಿತು. ಹಳಿ ಕಿತ್ತ ಆ ಮಣ್ಣಿನ ದಾರಿ ಮಾತ್ರ ಉಳಿದಿದೆ. ಓಲ್ಡ್ ರೈಲ್‌ರೋಡ್ ಗ್ರೇಡ್ ಎಂದು ಅದರ ಹೆಸರು. ಉಗಿಬಂಡಿ ಹತ್ತಬೇಕಾಗಿದ್ದ ದಾರಿಯಾದ್ದರಿಂದ ಏರು ಎಲ್ಲಿಯೂ ವಿಪರೀತ ಕಡಿದಾಗಿಲ್ಲ. ಹಾಗಾಗಿ ಹೊಸದಾಗಿ ಕಲಿಯುವವರಿಗೂ, ವೇಗದಲ್ಲಿ ಸಮಾನರಲ್ಲದ ಜೋಡಿಗಳಿಗೂ ಇದಕ್ಕಿಂತ ಒಳ್ಳೆಯ ದಾರಿ ಸಿಗುವುದು ಕಷ್ಟ. ಮಧ್ಯದಲ್ಲಿ ವೆಸ್ಟ್ ಪಾಯಿಂಟ್ ಇನ್ ಎಂಬ 1904ರ ಕಾಲದ ಮರದ ಮನೆಯಿದೆ. ಪ್ರವಾಸಿಗರ ಕಾರು ಅಲ್ಲಿಗೆ ಹೋಗುವಂತಿಲ್ಲ, ನಡೆದೋ ಸೈಕಲ್ ತುಳಿದೋ ಹೋಗಬೇಕು. ಅಲ್ಲಿ ಬೆಂಚಿನ ಮೇಲೆ ಕುಳಿತರೆ ಕೆಳಗೆ ಇಡೀ ಕೊಲ್ಲಿ ಕಾಣುತ್ತದೆ.

ಬೆಟ್ಟದ ಉತ್ತರಕ್ಕೆ ಫೇರ್‌ಫ್ಯಾಕ್ಸ್ ಎಂಬ ಇನ್ನೊಂದು ಊರು. ಸೈಕಲಿನ ಕಥೆ ಹೆಚ್ಚಾಗಿ ಅಲ್ಲಿಯದು. 1970ರ ದಶಕದಲ್ಲಿ ಅಲ್ಲಿಯ ಕೆಲವು ಯುವಕರು ಗುಜರಿಯಲ್ಲಿ ಬಿದ್ದಿದ್ದ 1930-40ರ ದಶಕಗಳ ಹಳೆಯ ಶ್ವಿನ್ ಸೈಕಲ್‌ಗಳನ್ನು ತಂದು, ಬೇಡದ ಭಾಗಗಳನ್ನು ಕಿತ್ತೆಸೆದು ಬೆಟ್ಟದಿಂದ ಕೆಳಗೆ ಬಿಡತೊಡಗಿದರು. ಹುಡುಗಾಟವೇ ಸರಿ. ಆ ಸೈಕಲ್‌ಗಳು ಇಪ್ಪತ್ತು ಕೆ.ಜಿ.ಯಷ್ಟು, ಕೆಲವು ಅದಕ್ಕಿಂತಲೂ ಹೆಚ್ಚು ಭಾರ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಒಂದು ಕಡಿದಾದ ಇಳಿಜಾರಿನಲ್ಲಿ, ಸುಮಾರು ಎರಡು ಮೈಲಿಗೆ 1,300 ಅಡಿ ಇಳಿಯುವ ದಾರಿಯದು, ಬ್ರೇಕ್ ಒತ್ತೀ ಒತ್ತೀ ಚಕ್ರದ ಗುಂಬದೊಳಗಿನ ಗ್ರೀಸ್ ಕಾದು ಹೊಗೆಯಾಗಿ ಹೋಗುತ್ತಿತ್ತು. ಕೆಳಗೆ ಬಂದ ಮೇಲೆ ಮತ್ತೆ ಗ್ರೀಸ್ ತುಂಬಬೇಕು. ಹಾಗೆ ಮತ್ತೆ ತುಂಬುವುದಕ್ಕೆ ಇಂಗ್ಲಿಷಿನಲ್ಲಿ ರೀಪ್ಯಾಕ್ ಎನ್ನುತ್ತಾರಷ್ಟೆ? ಆ ದಾರಿಗೆ ಅದೇ ಹೆಸರಾಯಿತು. 1976ರ ಅಕ್ಟೋಬರ್ 21ರಂದು ಚಾರ್ಲಿ ಕೆಲ್ಲಿ ಎಂಬವರು ಅಲ್ಲಿ ಮೊದಲ ಸ್ಪರ್ಧೆ ನಡೆಸಿದರು.

ಯುವಕರು ಎಂದೆ. ಆದರೆ ಆ ಗುಂಪಿನಲ್ಲಿ ಒಬ್ಬ ಮಹಿಳೆಯೂ ಇದ್ದರು. ವೆಂಡಿ ಕ್ರ್ಯಾಗ್. ಪತಿ ಲ್ಯಾರಿ ಕ್ರ್ಯಾಗ್ ಕೂಡಾ ಅದೇ ಗುಂಪಿನವರು. ವೆಂಡಿಯವರ ಕೈಗೆ ಮೊದಲು ಸಿಕ್ಕಿದ್ದು ಅಂಥದೇ ಕಬ್ಬಿಣದ ಹೊರೆ. ಅದನ್ನು ಗುಡ್ಡ ಹತ್ತಿಸಬೇಕಾದರೆ ತಳ್ಳಿಕೊಂಡೇ ಹೋಗಬೇಕಿತ್ತು. ಎಪ್ಪತ್ತೈದು ಕೆ.ಜಿ. ತೂಕದ ಯುವಕನಿಗೆ ಕಷ್ಟವಾದದ್ದು ಅವರಿಗೆ ಎಷ್ಟು ಕಷ್ಟವಾಗಿರಬೇಕು, ನೀವೇ ಊಹಿಸಿ. ಆದರೂ ಬಿಡಲಿಲ್ಲ. ರೀಪ್ಯಾಕ್ ಸ್ಪರ್ಧೆಯಲ್ಲಿ ಪುರುಷರ ದಾಖಲೆ ಗ್ಯಾರಿ ಫಿಶರ್ ಎಂಬವರದು, 4 ನಿಮಿಷ 22 ಸೆಕೆಂಡ್. ಮಹಿಳೆಯರ ದಾಖಲೆ ವೆಂಡಿಯವರದು, 5 ನಿಮಿಷ 27 ಸೆಕೆಂಡ್. ಲೆಕ್ಕ ಹಾಕಿ ನೋಡಿ, ಅಂತರ ಒಂದು ನಿಮಿಷ ಐದು ಸೆಕೆಂಡು ಮಾತ್ರ!

ಇನ್ನೊಂದು ಸಂಗತಿ. ಆ ದಿನಗಳ ಫೋಟೋಗಳು ಇಂದು ನಮಗೆ ನೋಡಲು ಸಿಗುತ್ತವೆ ಎಂದಾದರೆ ಅದಕ್ಕೆ ಮುಖ್ಯ ಕಾರಣ ವೆಂಡಿಯೇ. ಕ್ಯಾಮರಾ ಹೊತ್ತು ತಿರುಗಿದವರು ಅವರು. 1978ರಲ್ಲಿ ಕೊಲರಾಡೊ ರಾಜ್ಯದ ಪರ್ಲ್ ಪಾಸ್ ಎಂಬ ಹನ್ನೆರಡು ಸಾವಿರ ಅಡಿಗೂ ಎತ್ತರದ ಕಣಿವೆದಾರಿಯನ್ನು ಸೈಕಲಿನಲ್ಲಿ ದಾಟಿದ ತಂಡದಲ್ಲೂ ಅವರಿದ್ದರು, ಕ್ಯಾಮರಾ ಸಮೇತ. ಫೋಟೋ ತೆಗೆಯುವವರು ಸ್ವತಃ ಫೋಟೋದಲ್ಲಿ ಬರುವುದು ಕಡಿಮೆ. ನಮ್ಮ ಮನೆಗಳ ಮದುವೆ ಆಲ್ಬಮ್‌ಗಳಲ್ಲಿ ಅಡುಗೆಗೆ ನಿಂತ ಚಿಕ್ಕಮ್ಮ ಕಾಣಿಸದ ಹಾಗೆ.

1977ರಲ್ಲಿ ಜೋ ಬ್ರೀಜ್ ಎಂಬ ಯುವಕ ಹಳೆಯ ಸಾಮಾನಿನ ಸಹವಾಸ ಸಾಕೆಂದು ಬೆಟ್ಟಕ್ಕಾಗಿಯೇ ಹೊಸ ಸೈಕಲ್ ಕಟ್ಟಿದರು. ಬ್ರೀಜರ್ ಎಂದು ಅದರ ಹೆಸರು. ಮೊದಲ ಕಂತಿನಲ್ಲಿ ಕಟ್ಟಿದ್ದು ಹತ್ತೇ ಹತ್ತು. ಮೊದಲನೆಯದು ಈಗ ಅಮೆರಿಕದ ರಾಷ್ಟ್ರೀಯ ವಸ್ತು ಸಂಗ್ರಹಾಲಯವಾದ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಆ ಹತ್ತರಲ್ಲಿ ಒಂದು ವೆಂಡಿ ಕ್ರ್ಯಾಗ್ ಅವರ ಪಾಲಿಗೆ ಬಂತು. ನನಗೆ ಈ ಇಡೀ ಇತಿಹಾಸದಲ್ಲಿ ಇಷ್ಟವಾದ ಮಾತು ಇದೇ. ಇಡೀ ಜಿಲ್ಲೆಯಲ್ಲಿ ಒಳ್ಳೆಯ ಸೈಕಲ್ ಎಂಬುದು ಹತ್ತೇ ಇದ್ದಾಗ, ಅದರಲ್ಲೊಂದು ಹೆಣ್ಣುಮಗಳಿಗೆ. ಗಂಡ ಓಡಿಸಿ ಬಿಟ್ಟದ್ದಲ್ಲ, ಹೊಸದು!

ಇನ್ನೊಂದು ಜೋಡಿಯ ಕಥೆ ಇದಕ್ಕಿಂತ ಸ್ವಾರಸ್ಯ. ಚಾರ್ಲಿ ಕನಿಂಗ್‌ಹ್ಯಾಮ್ ಎಂಬವರು ಮರಿನ್‌ನ ಇನ್ನೊಬ್ಬ ಸೈಕಲ್ ತಯಾರಕ. ಎಲ್ಲರೂ ಉಕ್ಕಿನ ಸೈಕಲ್ ಕಟ್ಟುತ್ತಿದ್ದ ಕಾಲದಲ್ಲಿ ದಪ್ಪ ಕೊಳವೆಯ ಅಲ್ಯುಮಿನಿಯಂನಿಂದ ಬಹಳ ಹಗುರವಾದ ಸೈಕಲ್ ಕಟ್ಟಿದವರು. ನೋಡಲು ಅಷ್ಟೇನೂ ಚೆಂದವಿರಲಿಲ್ಲ. ಬಣ್ಣ ಬಳಿಯುವ ಗೋಜಿಗೂ ಹೋಗುತ್ತಿರಲಿಲ್ಲ. ಆದರೆ ಬೆಟ್ಟ ಹತ್ತುವಾಗ ಅದರ ಗುಣ ತಿಳಿಯುತ್ತಿತ್ತು. ಜ್ಯಾಕಿ ಫೆಲನ್ ಎಂಬ ಮಹಿಳೆ ಸ್ಪರ್ಧಿಸಿದ್ದು ಕನಿಂಗ್‌ಹ್ಯಾಮ್ ಕಟ್ಟಿದ ಸೈಕಲಿನಲ್ಲಿ. ಅದಕ್ಕೆ ಆಕೆ ಇಟ್ಟ ಹೆಸರು ‘ಆಟೊ’. 1983, 84, 85, ಸತತ ಮೂರು ವರ್ಷ ಆಕೆ ಅಮೆರಿಕದ ಮಹಿಳಾ ಚಾಂಪಿಯನ್. ಈ ಚಾರ್ಲಿ ಮತ್ತು ಜ್ಯಾಕಿ ದಂಪತಿಗಳು. 1987ರಲ್ಲಿ ಜ್ಯಾಕಿ ಮಹಿಳೆಯರಿಗಾಗಿಯೇ ಒಂದು ಸಂಘ ಕಟ್ಟಿದರು. ಸೈಕಲ್ ಮತ್ತು ಚಹಾ ಎರಡೂ ಅದರ ಹೆಸರಿನಲ್ಲೇ ಇದ್ದವು! ಗಂಡಸರ ಅವಸರವಿಲ್ಲದ ಜಾಗದಲ್ಲಿ ಹೆಂಗಸರು ನಿಧಾನವಾಗಿ ಕಲಿಯಲಿ ಎಂಬುದು ಆಕೆಯ ಲೆಕ್ಕಾಚಾರ. ಮನೆಯಲ್ಲಿ ಸೈಕಲ್ ಕಟ್ಟುವ ಕೈಯಿದ್ದರೆ ಒಳ್ಳೆಯ ಸೈಕಲನ್ನು ತನಗೇ ಇಟ್ಟುಕೊಳ್ಳುವುದು ಸುಲಭ. ಇಲ್ಲಿ ಹಾಗಾಗಲಿಲ್ಲ. 2015ರಲ್ಲಿ ಚಾರ್ಲಿ ಸೈಕಲಿನಿಂದ ಬಿದ್ದು ತಲೆಯೊಳಗೆ ಗಂಭೀರ ಪೆಟ್ಟಾಯಿತು. ಆ ಮೇಲೆ ಆರೈಕೆಯ ಹೊರೆ ಹೊತ್ತವರು ಜ್ಯಾಕಿ.

ಈಗ ಇಂದಿನ ಮನೆಗಳಿಗೆ ಬರೋಣ. ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಮುತ್ತ ಕನ್ನಡಿಗರು ಬಹಳ. ಸಾಫ್ಟ್‌ವೇರ್ ಕೆಲಸಕ್ಕೆ ಹೋದವರು. ನನ್ನ ತಂಗಿ ಮತ್ತು ಆಕೆಯ ಗಂಡ ಅಂಥವರಲ್ಲೊಬ್ಬರು. ಎರಡು ವರ್ಷಗಳ ಹಿಂದೆ ನಾನು ಅವರ ಮನೆಗೆ ಹೋಗಿದ್ದಾಗ ಕಾರಿನ ಶೆಡ್ಡಿನಲ್ಲಿ ಎರಡು ಸೈಕಲ್ ಗೋಡೆಗೆ ನೇತಾಡುತ್ತಿದ್ದವು. ಒಂದು ಮೈದುನನದು. ಅದರ ಬಗ್ಗೆ ಆತ ಅರ್ಧ ಗಂಟೆ ವಿವರಿಸಿದ. ಇನ್ನೊಂದರ ಬಗ್ಗೆ ಕೇಳಿದಾಗ, “ಅದು ಅವಳದು” ಎಂದು ಎರಡೇ ಶಬ್ದದಲ್ಲಿ ಮುಗಿಸಿದ. ತಂಗಿ ಅಲ್ಲೇ ನಿಂತಿದ್ದಳು. “ನನಗೆ ಒಳ್ಳೆಯ ಸೈಕಲ್ ಕೊಟ್ಟರೂ ವ್ಯತ್ಯಾಸ ಗೊತ್ತಾಗುವುದಿಲ್ಲವಂತೆ” ಎಂದಳು, ನಗುತ್ತಲೇ. ಆ ನಗು ನಿಮಗೂ ಗೊತ್ತಿರುವಂಥದ್ದೇ.

ಆತ ಕೆಟ್ಟವನಲ್ಲ. ಪಾತ್ರೆ ತೊಳೆಯುತ್ತಾನೆ, ಮಗುವಿಗೆ ಊಟ ಮಾಡಿಸುತ್ತಾನೆ. ಆತನ ವಾದವೂ ಮೇಲ್ನೋಟಕ್ಕೆ ಸರಿಯೆನಿಸುತ್ತದೆ: ಚೆನ್ನಾಗಿ ಓಡಿಸುವವನಿಗೆ ಚೆನ್ನಾದ ಸೈಕಲ್. ಆದರೆ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಸೈಕಲ್ ಹದಿನೈದು ಕೆ.ಜಿ. ಇದೆ ಎನ್ನಿ. ಎಪ್ಪತ್ತೈದು ಕೆ.ಜಿ.ಯ ಗಂಡನಿಗೆ ಅದು ತನ್ನ ತೂಕದ ಐದರಲ್ಲೊಂದು ಪಾಲು. ಐವತ್ತು ಕೆ.ಜಿ.ಯ ಹೆಂಡತಿಗೆ ಅದೇ ಸೈಕಲ್ ತನ್ನ ತೂಕದ ನೂರಕ್ಕೆ ಮೂವತ್ತು ಪಾಲು. ಹಳೆಯ, ಅಗ್ಗದ ಸೈಕಲ್ ಸಾಮಾನ್ಯವಾಗಿ ಇನ್ನೂ ಎರಡು ಕೆ.ಜಿ. ಹೆಚ್ಚೇ ಇರುತ್ತದೆ. ಅಂದರೆ ಹಗುರವಾದವಳಿಗೆ ಭಾರದ್ದು, ಭಾರವಾದವನಿಗೆ ಹಗುರವಾದದ್ದು! ಗುಡ್ಡ ಹತ್ತುವಾಗ ಅವಳು ಹಿಂದೆ ಬೀಳದೆ ಇನ್ನೇನಾಗಬೇಕು? ಹಿಂದೆ ಬಿದ್ದದ್ದನ್ನು ನೋಡಿ “ಅವಳಿಗೆ ಸಾಮರ್ಥ್ಯ ಸಾಲದು” ಎನ್ನುವುದು ಯಾವ ನ್ಯಾಯ?

ಬ್ರೇಕಿನ ವಿಷಯದಲ್ಲಂತೂ ಇದು ಇನ್ನೂ ಸ್ಪಷ್ಟ. ಪಳಗಿದವನು ಸಾಧಾರಣ ಬ್ರೇಕಿನಲ್ಲೂ ಸಂಭಾಳಿಸಿಕೊಂಡು ಇಳಿಯಬಲ್ಲ. ಎಲ್ಲಿ ನಿಧಾನಿಸಬೇಕು, ದೇಹವನ್ನು ಎಷ್ಟು ಹಿಂದಕ್ಕೆ ತರಬೇಕು ಎಂಬುದು ಅವನಿಗೆ ಅಭ್ಯಾಸವಾಗಿರುತ್ತದೆ. ಹೊಸಬಳಿಗೆ ಆ ಅಭ್ಯಾಸವಿಲ್ಲ. ಅವಳ ಜೀವ ನಿಂತಿರುವುದು ಬ್ರೇಕಿನ ಮೇಲೆ, ಟಯರಿನ ಹಿಡಿತದ ಮೇಲೆ. ಒಂದೇ ಬೆರಳಿನಲ್ಲಿ ಒತ್ತಿದರೂ ಹಿಡಿಯುವ ಡಿಸ್ಕ್ ಬ್ರೇಕ್ ಯಾರಿಗೆ ಹೆಚ್ಚು ಅಗತ್ಯ? ನನ್ನನ್ನು ಕೇಳಿದರೆ ಒಳ್ಳೆಯ ಬ್ರೇಕು ಮತ್ತು ಹೊಸ ಟಯರು ಮೊದಲು ಕಲಿಯುತ್ತಿರುವವರ ಪಾಲಿಗೆ, ಉಳಿದದ್ದು ಆಮೇಲೆ. ತರಗತಿಯಲ್ಲಿ ಕಣ್ಣು ಮಂದವಿರುವ ಮಗುವನ್ನು ನಾವು ಮುಂದಿನ ಬೆಂಚಿನಲ್ಲಿ ಕೂರಿಸುವುದಿಲ್ಲವೇ?

ಹಾಗಾದರೆ ಗಂಡನ ಹೊಸ ಸೈಕಲನ್ನೇ ದಿನ ಬಿಟ್ಟು ದಿನ ಇಬ್ಬರೂ ಬಳಸಿದರೆ ಆಯಿತಲ್ಲ ಎಂದು ನೀವು ಕೇಳಬಹುದು. ಎತ್ತರ ಹೆಚ್ಚು ಕಡಿಮೆ ಒಂದೇ ಆಗಿದ್ದರೆ ಆದೀತು. ಅರ್ಧ ಅಡಿ ವ್ಯತ್ಯಾಸವಿದ್ದರೆ ಆಗದು. ನೆಲದ ಮೇಲೆ ಎರಡೂ ಕಾಲೂರಿ ನಿಂತಾಗ ಸೈಕಲಿನ ಮೇಲಿನ ಕೊಳವೆಗೂ ದೇಹಕ್ಕೂ ನಡುವೆ ಎರಡು ಇಂಚಾದರೂ ಜಾಗ ಉಳಿಯಬೇಕು. ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು, ತೋಳು ಕೋಲಿನಂತೆ ಚಾಚಿಕೊಂಡಿರಬಾರದು. ಸೀಟನ್ನು ಕೆಳಗಿಳಿಸಿದ ಮಾತ್ರಕ್ಕೆ ದೊಡ್ಡ ಸೈಕಲ್ ಚಿಕ್ಕದಾಗುವುದಿಲ್ಲ. ದೊಡ್ಡಣ್ಣನ ಅಂಗಿಯ ತೋಳು ಮಡಚಿ ತಮ್ಮನಿಗೆ ಹಾಕಿದ ಹಾಗೆ.

ಶಾಕ್‌ನ ವಿಷಯ ಬಹಳ ಮಂದಿಗೆ ತಿಳಿದಿಲ್ಲ. ಒಳ್ಳೆಯ ಮೌಂಟೇನ್ ಬೈಕಿನ ಶಾಕ್ ಒಳಗೆ ಇರುವುದು ಗಾಳಿ. ಪುಟ್ಟ ಪಂಪಿನಿಂದ ಅದರ ಒತ್ತಡವನ್ನು ಸವಾರನ ತೂಕಕ್ಕೆ ಹೊಂದಿಸಬೇಕು. ಸೀಟಿನಲ್ಲಿ ಕುಳಿತಾಗ ಶಾಕ್ ತನ್ನ ಒಟ್ಟು ಓಟದ ಸುಮಾರು ಕಾಲು ಭಾಗ ತಗ್ಗಬೇಕು. ಅದನ್ನು ನೋಡಲು ಶಾಕಿನ ಕೊಳವೆಯ ಮೇಲೆ ಒಂದು ರಬ್ಬರ್ ಉಂಗುರ ಇರುತ್ತದೆ. ಎಪ್ಪತ್ತೈದು ಕೆ.ಜಿ.ಗೆ ಹೊಂದಿಸಿದ್ದರ ಮೇಲೆ ಐವತ್ತು ಕೆ.ಜಿ.ಯವರು ಕುಳಿತರೆ ಶಾಕ್ ಸರಿಯಾಗಿ ತಗ್ಗುವುದೇ ಇಲ್ಲ. ಅಷ್ಟು ಹಣ ಕೊಟ್ಟು ತಂದದ್ದು ಅವರಿಗೆ ಮರದ ಕೊರಡಿದ್ದಂತೆ. ಟಯರಿನ ಗಾಳಿಯೂ ಹಾಗೆಯೇ, ಹಗುರವಾದವರಿಗೆ ಕಡಿಮೆ ಸಾಕು. ಬ್ರೇಕಿನ ಹಿಡಿಕೆಯ ಬಳಿ ಒಂದು ಸಣ್ಣ ಸ್ಕ್ರೂ ಇದೆ. ಅದನ್ನು ತಿರುಗಿಸಿದರೆ ಹಿಡಿಕೆ ಹತ್ತಿರ ಬರುತ್ತದೆ, ಚಿಕ್ಕ ಕೈಗೂ ಎಟಕುತ್ತದೆ. ಎರಡು ನಿಮಿಷದ ಕೆಲಸ, ಖರ್ಚು ಏನೇನೂ ಇಲ್ಲ. ತಂಗಿಯ ಸೈಕಲಿನಲ್ಲಿ ಆ ಸ್ಕ್ರೂವನ್ನು ಯಾರೂ ಮುಟ್ಟಿರಲೇ ಇಲ್ಲ. “ವ್ಯತ್ಯಾಸ ಗೊತ್ತಾಗುವುದಿಲ್ಲ” ಎನ್ನುವವರು ವ್ಯತ್ಯಾಸ ಗೊತ್ತಾಗುವಂತೆ ಒಮ್ಮೆ ಹೊಂದಿಸಿ ಕೊಡಬೇಡವೇ?

ಅಂಗಡಿಯಲ್ಲಿ ‘ಲೇಡೀಸ್ ಮಾಡೆಲ್’ ಎಂದು ತೋರಿಸಿದ ಕೂಡಲೇ ಒಪ್ಪಿಕೊಳ್ಳುವುದೂ ಬೇಡ. 1990ರ ವಿಶ್ವ ಚಾಂಪಿಯನ್ ಜೂಲಿ ಫರ್ಟಾಡೊ ಅವರ ಹೆಸರಿನಲ್ಲಿ 1999ರಲ್ಲಿ ಸಾಂತಾಕ್ರೂಜ್ ಕಂಪೆನಿ ಜೂಲಿಯಾನ ಎಂಬ ಸೈಕಲ್ ತಂದಾಗ ಅದು ದೊಡ್ಡ ಹೆಜ್ಜೆಯೇ ಆಗಿತ್ತು. ಆದರೆ ಬೇರೆ ಕೆಲವು ಕಡೆ ಕಳಪೆ ಬಿಡಿಭಾಗಗಳನ್ನು ಜೋಡಿಸಿ, ಗುಲಾಬಿ ಬಣ್ಣ ಬಳಿದು ಮಾರಿದ್ದೂ ಉಂಟು. 2019ರಲ್ಲಿ ಸ್ಪೆಷಲೈಸ್ಡ್ ಎಂಬ ದೊಡ್ಡ ಕಂಪೆನಿ ತನ್ನಲ್ಲಿದ್ದ ಸವಾರರ ಅಳತೆಗಳನ್ನೆಲ್ಲ ನೋಡಿ, ಗಂಡಿಗೂ ಹೆಣ್ಣಿಗೂ ಇರುವ ವ್ಯತ್ಯಾಸಕ್ಕಿಂತ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸವೇ ದೊಡ್ಡದೆಂದು ಹೇಳಿ ಪ್ರತ್ಯೇಕ ಚೌಕಟ್ಟುಗಳನ್ನು ಕೈಬಿಡುವ ದಾರಿ ಹಿಡಿಯಿತು. ಹಾಗಾಗಿ ಬಣ್ಣ ನೋಡಬೇಡಿ, ಅಳತೆ ನೋಡಿ. ಸೀಟು ಮಾತ್ರ ಪ್ರತಿಯೊಬ್ಬರಿಗೂ ಬೇರೆಯೇ ಬೇಕು. ಕುಳಿತುಕೊಳ್ಳುವ ಎಲುಬಿನ ಅಗಲಕ್ಕೆ ತಕ್ಕ ಸೀಟು ಸಿಗದಿದ್ದರೆ ಒಂದೇ ದಿನದಲ್ಲಿ ಸೈಕಲಿನ ಸಹವಾಸ ಬೇಡವೆನಿಸುತ್ತದೆ. ಎಷ್ಟೋ ಹೆಂಗಸರು ನೋವಿನಿಂದ ಬಿಟ್ಟುಬಿಡುತ್ತಾರೆ, ಹೇಳಿಕೊಳ್ಳಲು ಸಂಕೋಚ. ಮನೆಯವರು “ಅವಳಿಗೆ ಆಸಕ್ತಿಯಿಲ್ಲ” ಎಂದು ತೀರ್ಮಾನಿಸುತ್ತಾರೆ.

ಹಣದ ಮಾತು ಬಂದರೆ, ಮೂರು ಸಾವಿರ ಡಾಲರ್ ಇದೆ ಎಂದಿಟ್ಟುಕೊಳ್ಳಿ. ಎರಡೂವರೆ ಸಾವಿರದ್ದೊಂದು, ಐನೂರರದ್ದೊಂದು ತರುವುದು ಒಂದು ಕ್ರಮ. ಒಂದೂವರೆ ಸಾವಿರದ ಎರಡು ತರುವುದು ಇನ್ನೊಂದು ಕ್ರಮ. ಹಿಂದೆ ಶಾಕ್ ಇಲ್ಲದ, ಮುಂದೆ ಮಾತ್ರ ಇರುವ ಸೈಕಲ್ ಆ ಬೆಲೆಗೆ ಚೆನ್ನಾಗಿಯೇ ಸಿಗುತ್ತದೆ, ಟ್ಯಾಮ್ ಬೆಟ್ಟದ ಅಗಲ ದಾರಿಗಳಿಗೆ ಅಷ್ಟು ಧಾರಾಳ ಸಾಕು. ಈಗಾಗಲೇ ಒಂದು ಒಳ್ಳೆಯದು ಮನೆಯಲ್ಲಿದ್ದರೆ ಮುಂದಿನ ವರ್ಷದ ಹಣ ಪೂರ್ತಿ ಇನ್ನೊಂದಕ್ಕೆ ಹೋಗಲಿ. ಅವನಿಗೆ ಹೊಸ ಚಕ್ರ, ಅವನಿಗೆ ಹೊಸ ಗೇರು ಎಂದು ಅದೇ ಸೈಕಲಿಗೆ ಸುರಿಯುತ್ತಾ ಹೋದರೆ ಇವಳ ಸರದಿ ಬರುವುದು ಯಾವಾಗ? ನಮ್ಮ ಊರಿನಲ್ಲೂ ಇದನ್ನು ಕಂಡಿದ್ದೇನೆ. 2006-07ರಲ್ಲಿ ಕರ್ನಾಟಕ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದಾಗ, ಹುಡುಗಿಯ ಹೆಸರಿನಲ್ಲಿ ಬಂದ ಸೈಕಲಿನಲ್ಲಿ ಅಣ್ಣ ಪೇಟೆ ಸುತ್ತುತ್ತಿದ್ದ, ಹುಡುಗಿ ಶಾಲೆಗೆ ನಡೆದೇ ಬರುತ್ತಿದ್ದಳು.

ಹೆಲ್ಮೆಟ್ ಮಾತ್ರ ಯಾವ ಕಾರಣಕ್ಕೂ ಹಂಚಿಕೊಳ್ಳುವ ವಸ್ತುವಲ್ಲ. ತಲೆಯ ಅಳತೆಗೆ ಸರಿಯಾಗಿ ಕೂರಬೇಕು, ಒಮ್ಮೆ ಜೋರಾಗಿ ಬಿದ್ದ ಮೇಲೆ ಮೇಲೆ ಬಿರುಕು ಕಾಣದಿದ್ದರೂ ಬದಲಿಸಬೇಕು. ಹಿಜಾಬ್ ಧರಿಸುವ ನಮ್ಮ ಸೋದರಿಯರು ಒಂದೇ ಪದರದ ತೆಳು ಬಟ್ಟೆ ಉಪಯೋಗಿಸುವುದು ಒಳ್ಳೆಯದು. ಹೆಲ್ಮೆಟ್ಟಿನ ಕೆಳಗೆ ಪಿನ್ನು ಬೇಡ, ಹಿಂದೆ ಗಂಟೂ ಬೇಡ. ಗಂಟಿದ್ದರೆ ಹೆಲ್ಮೆಟ್ ಮುಂದಕ್ಕೆ ಬಾಗುತ್ತದೆ. ಉದ್ದನೆಯ ಬುರ್ಖಾ ಚೈನಿಗೆ ಸಿಕ್ಕಿದರೆ ಅಪಾಯ. ಮೊಣಕಾಲು ಮುಚ್ಚುವ ಸಡಿಲ ಕುರ್ತಾ, ಪಾದದ ಬಳಿ ಪಟ್ಟಿ ಕಟ್ಟಿದ ಪ್ಯಾಂಟು ಇದ್ದರೆ ತೊಂದರೆಯಿಲ್ಲ. ತಂಗಿ ಹೀಗೆಯೇ ಹೋಗುತ್ತಾಳೆ. ದಾರಿಯಲ್ಲಿ ಯಾರೂ ತಿರುಗಿ ನೋಡಿದ್ದಿಲ್ಲವಂತೆ, ಎಲ್ಲರಿಗೂ ಏದುಸಿರು ಬಿಡುವುದೇ ಕೆಲಸ!

ಸೈಕಲ್ ಎರಡೂ ಸಮನಾದರೂ ಮುಗಿಯಲಿಲ್ಲ. ಜೋಡಿಯಾಗಿ ಹೋಗುವವರಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಗಂಡ ಮುಂದೆ ಹೋಗಿ ಮರದ ನೆರಳಿನಲ್ಲಿ ಐದು ನಿಮಿಷ ಕಾಯುತ್ತಾನೆ, ನೀರು ಕುಡಿಯುತ್ತಾನೆ, ದಣಿವಾರಿಸಿಕೊಳ್ಳುತ್ತಾನೆ. ಹೆಂಡತಿ ಬೆವರುತ್ತಾ ಬಂದು ತಲುಪಿದ ಕೂಡಲೇ “ಬಂದೆಯಾ? ಹೊರಡೋಣ” ಎಂದು ಸೈಕಲ್ ಹತ್ತುತ್ತಾನೆ. ಪಾಪ, ತಾನು ಕಾದದ್ದೇ ದೊಡ್ಡ ಉಪಕಾರವೆಂದು ಅವನ ಭಾವನೆ. ವಿಶ್ರಾಂತಿ ಸಿಕ್ಕಿದ್ದು ಯಾರಿಗೆ? ಬೇಕಾದವಳಿಗೆ ಒಂದು ನಿಮಿಷವೂ ಇಲ್ಲ, ಬೇಡದವನಿಗೆ ಐದು ನಿಮಿಷ! ಏರಿನಲ್ಲಿ ನಿಧಾನವಾಗಿ ಹೋಗುವವರೇ ಮುಂದೆ ಇರಲಿ. ಅವರ ವೇಗವೇ ಇಬ್ಬರ ವೇಗ. ಪಂಪು, ಟ್ಯೂಬು, ಉಪಕರಣ, ಹೆಚ್ಚಿನ ನೀರು ಎಲ್ಲ ಬಲವಿದ್ದವರ ಚೀಲದಲ್ಲಿರಲಿ. ಹಿಂದಿರುಗೋಣ ಎಂದು ಹೇಳುವ ಹಕ್ಕು ಮೊದಲು ದಣಿದವರಿಗೆ ಇರಲಿ. ಆದರೆ ಪಂಕ್ಚರ್ ಹಾಕುವುದನ್ನು ಮಾತ್ರ ಇಬ್ಬರೂ ಕಲಿಯಬೇಕು. ಚೀಲ ಹೊತ್ತವನು ಎರಡು ತಿರುವು ಮುಂದೆ ಇದ್ದಾಗಲೇ ಟಯರ್ ಒಡೆಯುವುದು, ಅದು ಸೈಕಲಿನ ಸ್ವಭಾವ.

ಮೈದುನನಿಗೆ ನಾನು ಉಪದೇಶವೇನೂ ಮಾಡಲಿಲ್ಲ. ಒಂದು ಭಾನುವಾರ ಇಬ್ಬರ ಸೈಕಲ್ ಅದಲು ಬದಲು ಮಾಡಿ ನೋಡಿ ಎಂದೆ. ಎತ್ತರದಲ್ಲಿ ಅವರಿಬ್ಬರಿಗೆ ಅಂಥ ವ್ಯತ್ಯಾಸವಿಲ್ಲ. ಸೀಟು ಇಳಿಸಿ, ಶಾಕಿನ ಗಾಳಿ ತೆಗೆದು, ಹಿಡಿಕೆ ಹತ್ತಿರ ತಂದು, ಅವನೇ ಅರ್ಧ ಗಂಟೆ ಕೂತು ಹೊಂದಿಸಿದ. ಹಳೆಯ ರೈಲು ದಾರಿಯಲ್ಲಿ ವೆಸ್ಟ್ ಪಾಯಿಂಟಿನವರೆಗೆ ಹೋದರು. ಅಂದು ತಂಗಿ ಒಮ್ಮೆಯೂ ಇಳಿದು ತಳ್ಳಲಿಲ್ಲವಂತೆ. ಅವನು ಎರಡು ಕಡೆ ಇಳಿದು ಗೇರ್ ಸರಿಮಾಡಿಕೊಂಡನಂತೆ. ಮರಳಿ ಬಂದವನು ಮೊದಲು ಮಾಡಿದ ಕೆಲಸ, ಹೆಂಡತಿಯ ಹಳೆಯ ಸೈಕಲಿನ ಬ್ರೇಕ್ ಬಿಚ್ಚಿ ನೆಲದ ಮೇಲೆ ಹರಡಿದ್ದು. “ಇದರಲ್ಲಿ ನೀನು ಇಷ್ಟು ದಿನ ಹೇಗೆ ಇಳಿದೆ?” ಎಂದು ಕೇಳಿದ. ಅವಳು ಉತ್ತರ ಕೊಡಲಿಲ್ಲ, ಚಹಾ ಇಡಲು ಒಳಗೆ ಹೋದಳು. ಈಗ ಅವಳಿಗೆ ತನ್ನದೇ ಅಳತೆಯ ಸೈಕಲ್ ಬಂದಿದೆ. ಯಾರೋ ಒಂದು ವರ್ಷ ಓಡಿಸಿದ್ದು, ಆದರೆ ಒಳ್ಳೆಯದು.

ನೀವು ಅಥವಾ ನಿಮ್ಮ ಮಕ್ಕಳು ಆ ಕಡೆ ಹೋಗುವುದಿದ್ದರೆ ಇನ್ನೆರಡು ಮಾತು. ಬೆಟ್ಟದ ಕಿರಿದಾದ ಕಾಲುದಾರಿಗಳಲ್ಲಿ ಹೆಚ್ಚಿನ ಕಡೆ ಸೈಕಲಿಗೆ ಅನುಮತಿಯಿಲ್ಲ. 1980ರ ದಶಕದಿಂದಲೂ ನಡೆಯುವವರಿಗೂ ಸೈಕಲಿನವರಿಗೂ ಇದರ ಬಗ್ಗೆ ಜಟಾಪಟಿ ಇದ್ದೇ ಇದೆ. ಅಗಲವಾದ ಮಣ್ಣಿನ ರಸ್ತೆಗಳಲ್ಲಿ ಗಂಟೆಗೆ 15 ಮೈಲಿ ಮಿತಿ, ಮುಂದೆ ಕಾಣದ ತಿರುವಿನಲ್ಲಿ 5 ಮೈಲಿ. ನಡೆಯುವವರಿಗೆ ದಾರಿ ಬಿಡಬೇಕು, ಕುದುರೆ ಬಂದರೆ ಎಲ್ಲರೂ ಬಿಡಬೇಕು. ಫೇರ್‌ಫ್ಯಾಕ್ಸ್‌ನಲ್ಲಿ 2015ರಲ್ಲಿ ತೆರೆದ ಸೈಕಲ್ ಮ್ಯೂಸಿಯಂ ಇದೆ, ಮಕ್ಕಳಿಗೆ ಖುಷಿಯಾಗುತ್ತದೆ. ಮಧ್ಯಾಹ್ನದ ಮೇಲೆ ಮಂಜು ಬಂದರೆ ಚಳಿ ಹಿಡಿಯುತ್ತದೆ, ಇಬ್ಬರಿಗೂ ಒಂದೊಂದು ಜಾಕೆಟ್ ಬೇಕು. ಸೈಕಲನ್ನು ಬಾಡಿಗೆಗೆ ಪಡೆಯಬಹುದು. ಅಂಗಡಿಯಲ್ಲಿ ಎತ್ತರ, ತೂಕ ಕೇಳುತ್ತಾರೆ. ಗಂಡನೇ ಕೌಂಟರಿಗೆ ಹೋಗಿ ಅಂದಾಜಿನಲ್ಲಿ ಇಬ್ಬರದ್ದನ್ನೂ ಹೇಳಿ ಬರುವುದು ಬೇಡ. ನೀವೇ ಹೋಗಿ ನಿಮ್ಮದನ್ನು ಹೇಳಿ, ಶಾಕಿಗೆ ನಿಮ್ಮ ಕಣ್ಣ ಮುಂದೆಯೇ ಗಾಳಿ ಹೊಂದಿಸಿ ಕೊಡಲು ಕೇಳಿ, ಹೊರಡುವ ಮೊದಲು ಬ್ರೇಕಿನ ಹಿಡಿಕೆ ನಿಮ್ಮ ಬೆರಳಿಗೆ ಎಟಕುತ್ತದೆಯೇ ಎಂದು ಒಮ್ಮೆ ಒತ್ತಿ ನೋಡಿ.